ಎಲ್ಲಕ್ಕೂ ಅತಿ ಜರೂರು ಎಂದು ಬರೆದ ಮಳೆಗಾಲ

ಹೋದ ವಾರ ನ್ಯಾಮತಿಯ ಆಸ್ಪತ್ರೆಗೆ ಒಂದು ಬ್ಯಾಟರಿ ಬದಲಿಸಲು ಹೋಗಿದ್ದೆ. ಹಿಂಬದಿಯ ಚಿಕ್ಕ ಕೋಣೆಯ ಬೀಗ ತೆಗೆದು ಬಾಗಿಲು ದೂಡಿದಾಗ ಮೊದಲು ಎದುರಾದದ್ದು ವಾಸನೆ. ನೆಂದ ಸುಣ್ಣದ ಗೋಡೆ, ಫಿನಾಯಿಲು, ಬಿಸಿಯಾದ ಯುಪಿಎಸ್ಸಿನ ಮೇಲೆ ಕೂತ ಧೂಳು, ಮೂರೂ ಬೆರೆತ ವಾಸನೆ. ಹತ್ತು ನಿಮಿಷದ ಕೆಲಸ. ನಾನು ಹೊಸ್ತಿಲಲ್ಲೇ ಗೋಡೆ ಹಿಡಿದು ನಿಂತುಬಿಟ್ಟೆ. ಕಿವಿಯಲ್ಲಿ ಮತ್ತೆ ಆ ಧ್ವನಿ: “ಹಲೋ ನ್ಯಾಮತಿ, ಹಲೋ... ನಿಮ್ಮ ಮಾತು ಕೇಳಿಸ್ತಿಲ್ಲ. ಹಲೋ ನ್ಯಾಮತಿ.”

ಮೂರು ಮಳೆಗಾಲ ಕಳೆದಿವೆ. ಆ ಧ್ವನಿ ಕುಕ್ಕರಿನ ಸೀಟಿಯ ನಡುವೆ, ಬಸ್ಸಿನ ಕಿಟಕಿಯ ಪಕ್ಕ, ಎಲ್ಲಿ ಬೇಕಾದರೂ ಬರುತ್ತದೆ. ಬಂದಾಗಲೆಲ್ಲ ಆ ದಿನವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನಡೆದು ಮುಗಿಸದೆ ನನಗೆ ಬಿಡುಗಡೆಯಿಲ್ಲ. ಇವತ್ತು ಕಾಗದದ ಮೇಲೆ ನಡೆಯುತ್ತೇನೆ.

ಆಗ ನನಗೆ ಇಪ್ಪತ್ತಾರು. ಹುಟ್ಟೂರು ಸಂತೇಬೆನ್ನೂರು. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಜಿಲ್ಲೆಯ ಕಚೇರಿಗಳನ್ನೂ ಆಸ್ಪತ್ರೆಗಳನ್ನೂ ಜೋಡಿಸುವ ಇಂಟರ್ನೆಟ್ ಜಾಲವನ್ನು ನೋಡಿಕೊಳ್ಳುವ ಗುತ್ತಿಗೆ ಸಂಸ್ಥೆಯೊಂದಕ್ಕೆ ಸೇರಿ ಎರಡು ವರ್ಷವಾಗಿತ್ತು. ಕೂರುವ ಜಾಗ ಚನ್ನಗಿರಿ. ನಮ್ಮ ಜಾಲ ಒಂದು ಬಳೆಯ ಹಾಗಿತ್ತು: ದಾವಣಗೆರೆಯಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ, ನ್ಯಾಮತಿಯಿಂದ ಚನ್ನಗಿರಿ, ಮತ್ತೆ ದಾವಣಗೆರೆ. ಜಗಳೂರಿಗೆ ಮಾತ್ರ ದಾವಣಗೆರೆಯಿಂದ ಬೇರೆಯೇ ಒಂದು ಎಳೆ. ಬಳೆಯ ಅನುಕೂಲವೇನೆಂದರೆ ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಹೋಗಬಹುದು. ಆದರೆ ನ್ಯಾಮತಿಗೂ ಚನ್ನಗಿರಿಗೂ ನಡುವೆ ಹೊಳೆ. ಅಲ್ಲಿ ಫೈಬರ್ ಕೇಬಲ್ ದಾಟಿರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಕಂಬ ನೆಟ್ಟು ವೈರ್‌ಲೆಸ್ ಕೊಂಡಿ ಹಾಕಿದ್ದರು. ಅಗಲವಾದ ರಸ್ತೆ ಇದ್ದಕ್ಕಿದ್ದಂತೆ ಗದ್ದೆಯ ಬದುವಾದ ಹಾಗೆ ಆ ಭಾಗ ಬಲು ಇಕ್ಕಟ್ಟು.

ನನ್ನ ಜೊತೆ ಕೆಲಸಕ್ಕಿದ್ದವರು ಹನುಮಂತಣ್ಣ. ಕೇಬಲ್ ಜಾಯಿಂಟರ್. ಕೂದಲಿಗಿಂತ ಸಣ್ಣ ಗಾಜಿನ ಎಳೆ ಎರಡನ್ನು ಮಿಷನ್ನಿನಲ್ಲಿಟ್ಟು ಬೆಸೆಯುವ ಕೆಲಸ. ವಯಸ್ಸು ನಲವತ್ತನಾಲ್ಕು. ಜಗಳೂರು ಕಡೆಯ ಹಳ್ಳಿಯವರು. “ಹೆಸರು ಹನುಮಂತ, ಮನ್ಯಾಗೆ ಬುದ್ಧನ ಪಟ, ಕೆಲ್ಸ ಇಂಟರ್‌ನೆಟ್ಟು. ಜನಗಣತಿಯೋರು ಬಂದ್ರೆ ನನ್ನ ಯಾವ ಕಾಲಮ್ಮಿಗೆ ಹಾಕ್ಬೇಕಂತ ತಲೆ ಕೆರ್ಕಂತಾರೆ” ಎಂದು ತಾವೇ ನಗುತ್ತಿದ್ದರು. ಆ ವರ್ಷ ಜೂನಿನಿಂದ ಬಿಡದೆ ಸುರಿದ ಮಳೆ ಕಂಡು ಅವರಿಗೆ ಆಶ್ಚರ್ಯವೇ ಮುಗಿಯುತ್ತಿರಲಿಲ್ಲ. “ಏನ್ರೀ ಮೇಡಂ, ನಮ್ಮೂರಾಗೆ ನೀರಿನ ಟ್ಯಾಂಕರ್ ಹಿಂದೆ ನಾವು ಓಡ್ತಿದ್ವಿ. ಇಲ್ಲಿ ನೀರೇ ನಮ್ಮ ಹಿಂದೆ ಓಡಿ ಬರ್ತೈತಲ್ಲ!”

ಆ ಮಳೆಗಾಲದ ಕೆಲಸದ ಬಗ್ಗೆ ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡಬೇಕು.

ಜಾಲದಲ್ಲಿ ಹೋಗುವ ಪ್ರತಿಯೊಂದೂ, ಅದು ಮಾತಾಗಲಿ ಚಿತ್ರವಾಗಲಿ ಪಹಣಿಯಾಗಲಿ, ಚಿಕ್ಕಚಿಕ್ಕ ತುಂಡುಗಳಾಗಿ ಹೋಗುತ್ತದೆ. ಪ್ರತಿ ತುಂಡಿನ ನೆತ್ತಿಯ ಮೇಲೆ ಒಂದು ಅಂಕಿ ಬರೆಯಲು ಜಾಗವಿದೆ. ದಾರಿ ಇಕ್ಕಟ್ಟಾದಾಗ ರೌಟರ್ ಎಂಬ ಯಂತ್ರ ಆ ಅಂಕಿ ನೋಡಿ ಯಾರನ್ನು ಮೊದಲು ಬಿಡಬೇಕು, ಯಾರನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸುತ್ತದೆ. ಯಾವುದಕ್ಕೆ ಯಾವ ಅಂಕಿ ಎಂಬುದಕ್ಕೆ ಜಗತ್ತಿಗೆಲ್ಲ ಒಪ್ಪಿತವಾದ ಮಾನದಂಡಗಳಿವೆ. ಮಾತು ತಡವಾಗಬಾರದು, ಒಂದು ಕಡೆಗೆ ನೂರೈವತ್ತು ಮಿಲಿಸೆಕೆಂಡಿನ ಒಳಗೆ ಮುಟ್ಟಬೇಕು. ಕಡತದ ಪ್ರತಿ ತಡವಾದರೆ ನಷ್ಟವಿಲ್ಲ, ಕಳೆದುಹೋಗಬಾರದು ಅಷ್ಟೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಸಾಲಿಗೆ ಬಿಡುವ ದಟ್ಟಣೆಗೆ ಮಿತಿ ಇರಬೇಕು. ಕಳಿಸುವವರೇ ಬರೆದುಕೊಂಡ ಅಂಕಿಯನ್ನು ಜಾಲದ ಬಾಗಿಲಲ್ಲಿ ತಡೆದು ಪರೀಕ್ಷಿಸಬೇಕು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಚಿತ್ರಸಮೇತ ಉತ್ತರ ಬರೆದು ಒಂಬತ್ತು ಪಡೆದಿದ್ದೆ.

ಆದರೆ ನಮ್ಮ ಕಡೆಯ ಕಚೇರಿಗಳಲ್ಲಿ ಒಂದು ಪದ್ಧತಿ ಇದೆ. ಯಾವ ಪತ್ರವೇ ಇರಲಿ, ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ಅತಿ ಜರೂರು’ ಎಂದು ಬರೆಯುತ್ತಾರೆ. ಕುರ್ಚಿಯ ಕಾಲು ಮುರಿದಿದ್ದಕ್ಕೂ ಅತಿ ಜರೂರು, ಕಟ್ಟಡ ಸೋರುವುದಕ್ಕೂ ಅತಿ ಜರೂರು. ಗುಮಾಸ್ತರಿಗೆ ಇದರಿಂದ ಗೊಂದಲವಿಲ್ಲ. ನಿಜಕ್ಕೂ ಜರೂರಾದದ್ದಕ್ಕೆ ಹಿಂದೆಯೇ ಸಾಹೇಬರ ಫೋನ್ ಬರುತ್ತದೆಂದು ಅವರಿಗೆ ಗೊತ್ತು. ಫೋನ್ ಬಂದದ್ದನ್ನು ಮೇಲೆ ಇಡುತ್ತಾರೆ, ಉಳಿದದ್ದನ್ನು ಕೆಳಗೆ.

ಆ ವರ್ಷದ ಬೇಸಿಗೆಯಲ್ಲಿ ಒಬ್ಬೊಬ್ಬರೇ ನನ್ನ ಬಳಿಗೆ ಬಂದರು. ಮೊದಲು ಬಂದವರು ಕ್ಯಾಮೆರಾಗಳನ್ನು ನೋಡಿಕೊಳ್ಳುವ ಕಚೇರಿಯೊಂದರ ಅಧೀಕ್ಷಕರು. ಮಂಡಕ್ಕಿ, ಮೆಣಸಿನಕಾಯಿ, ಚಹಾ ತರಿಸಿಕೊಟ್ಟು, “ನೋಡಮ್ಮ, ಚಿತ್ರ ನಿಂತುನಿಂತು ಬರ್ತೈತೆ. ಸಾಹೇಬ್ರು ನನ್ನ ಮುಖ ನೋಡ್ತಾರೆ. ಅದೇನೋ ನಂಬರ್ ಐತಂತಲ್ಲ, ನಮ್ದೂ ಒಂದು ಅತಿ ಜರೂರು ಮಾಡಿಬಿಡು. ನಿನ್ನ ಕೈಯಾಗಿರೋ ಕೆಲ್ಸ” ಎಂದರು. ನಮ್ಮ ತಂದೆಗಿಂತ ಹಿರಿಯರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಮಾಡಿದೆ. ಆಮೇಲೆ ವಿಡಿಯೋ ಸಭೆಯವರು ಬಂದರು, ಆಮೇಲೆ ದಾಖಲೆ ಕೋಣೆಯವರು. ಅವರಿಗೆ ಮಾಡಿ ಇವರಿಗೆ ಮಾಡದಿದ್ದರೆ ಹೇಗೆ? ಮೇ ಮುಗಿಯುವ ಹೊತ್ತಿಗೆ ಜಾಲದಲ್ಲಿ ಹರಿಯುವ ಹೆಚ್ಚುಕಡಿಮೆ ಎಲ್ಲಕ್ಕೂ ನಾನೇ ಕೈಯಾರೆ ಮೊದಲ ಸಾಲಿನ ಅಂಕಿ ಬರೆದಿದ್ದೆ. ಆಸ್ಪತ್ರೆಗಳ ಮಾತು ಮತ್ತು ಇಸಿಜಿಗೆ ಮೊದಲಿನಿಂದಲೂ ಅದೇ ಅಂಕಿ. ಬಾಗಿಲಲ್ಲಿ ತಡೆಯುವ ಮಿತಿಯನ್ನೂ ಅಧೀಕ್ಷಕರ ಚಿತ್ರ ನಿಲ್ಲದಿರಲೆಂದು ತೆಗೆದುಹಾಕಿದ್ದೆ. ಗುಮಾಸ್ತರಿಗೆ ಬರುವ ಸಾಹೇಬರ ಫೋನು ರೌಟರಿಗೆ ಬರುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಅದು ಬರೆದದ್ದನ್ನು ಬರೆದ ಹಾಗೇ ನಂಬುವ ಯಂತ್ರ.

ಹನುಮಂತಣ್ಣ ಮಾತ್ರ ಆಗಲೇ ಎಚ್ಚರಿಸಿದ್ದರು. ಸೀದಾ ಎಚ್ಚರಿಕೆಯೇನಲ್ಲ, ಅವರ ರೀತಿಯಲ್ಲಿ.

“ಮದ್ವೆ ಊಟಕ್ಕೆ ಹೋಗೀರಾ ಮೇಡಂ?”

“ಯಾಕಣ್ಣ?”

“ಬಡಿಸೋನು ಬಂದು, ಬಸ್ಸಿಗೆ ಹೋಗೋರು ಮೊದ್ಲ ಪಂಕ್ತಿಗೆ ಕೂತ್ಕಳ್ರಿ ಅಂತಾನೆ. ಇಡೀ ಛತ್ರನೇ ಏಳ್ತೈತೆ! ಪಕ್ಕದ ಮನೆಯೋನೂ ಬಸ್ಸಿಗೆ ಹೋಗೋನೇ. ಆವಾಗ ನಿಜವಾಗ್ಲೂ ಬಸ್ಸಿರೋ ಮುದುಕಿ ಎಲ್ಲಿರ್ತಾಳೆ? ಬಾಗ್ಲಾಗೆ.”

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಫೈಬರಿನ ತುದಿ ಒರೆಸುತ್ತಾ ಇನ್ನೊಂದು ಮಾತು ಸೇರಿಸಿದರು: “ಪಂಕ್ತಿ ವಿಷ್ಯ ನಮ್ಗೆ ಬ್ಯಾರೆಯೋರು ಹೇಳ್ಕೊಡೋದು ಬೇಕಿಲ್ಲ. ನಮ್ಮಪ್ಪನ ಕಾಲಕ್ಕೆ ನಮ್ದು ಅಂಗಳದಾಗೆ, ಕಡೇ ಪಂಕ್ತಿ. ಮನುಷ್ಯನ ಮಕ ನೋಡಿ ಕೂರ್ಸಿದ್ರೆ ಅದು ಅನ್ಯಾಯ. ಹಸಿವು ನೋಡಿ ಕೂರ್ಸಿದ್ರೆ ನ್ಯಾಯ. ನೀವು ಮಕ ನೋಡ್ತಿದ್ದೀರಿ.”

ನನಗೆ ಸ್ವಲ್ಪ ಕೋಪವೇ ಬಂದಿತ್ತು. ಬಿಡಿ ಅಣ್ಣ, ಬಳೆ ಗಟ್ಟಿಯಾಗಿದೆ, ದಾರಿ ಅಗಲವಾಗಿದೆ, ಎಲ್ಲರೂ ಮೊದಲ ಸಾಲಿನಲ್ಲಿ ಹೋದರೆ ಯಾರಿಗೇನು ತೊಂದರೆ ಎಂದಿದ್ದೆ. ದಾರಿ ಅಗಲವಾಗಿದ್ದಾಗ ನಿಜಕ್ಕೂ ತೊಂದರೆ ಇರಲಿಲ್ಲ. ಜೂನ್ ಕಳೆಯಿತು, ಯಾರೂ ದೂರಲಿಲ್ಲ. ಅಧೀಕ್ಷಕರು ಎದುರು ಸಿಕ್ಕಾಗ ಕೈಯೆತ್ತಿ ಹರಸಿದರು.

ಜುಲೈ ಕೊನೆಯ ಆ ವಾರ ಮಳೆಗಾಲದಲ್ಲಿ ಕೇಬಲ್ ಜಾಯಿಂಟ್‌ಗಳ ಪರಿಶೀಲನೆಗೆಂದು ನಾವಿಬ್ಬರೂ ನ್ಯಾಮತಿಯಲ್ಲಿದ್ದೆವು. ಹೊಳೆ ಹೊನ್ನಾಳಿಯಲ್ಲಿ ಏರುತ್ತಿದೆ ಎಂಬ ಸುದ್ದಿ ಎರಡು ದಿನದಿಂದ ಇತ್ತು. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೊನ್ನಾಳಿಯ ಸೇತುವೆಯ ಬದಿಯಲ್ಲಿ ನಮ್ಮ ಕೇಬಲ್ ಕಡಿಯಿತು. ಬಳೆಯ ಒಂದು ಕಡೆ ಹೋಯಿತು. ಹೊನ್ನಾಳಿಯ ದಟ್ಟಣೆಯೆಲ್ಲ ತಾನಾಗಿಯೇ ನ್ಯಾಮತಿಯ ಕಡೆ ತಿರುಗಿ, ಇಕ್ಕಟ್ಟಿನ ವೈರ್‌ಲೆಸ್ ಕೊಂಡಿ ಹತ್ತಿ ಚನ್ನಗಿರಿಯ ಮೇಲೆ ಹೋಗತೊಡಗಿತು. ಹೋಗುತ್ತಿದೆಯಲ್ಲ ಎಂದು ನಾನು ಸಮಾಧಾನಪಟ್ಟೆ.

ವ್ಯಾನು ಹತ್ತಿ ಹೊನ್ನಾಳಿ ಕಡೆ ಹೊರಟೆವು. ಊರು ದಾಟಿದ ಮೇಲೆ ಒಂದು ಹಳ್ಳವಿದೆ. ಅದರ ಮೋರಿಯ ಪಕ್ಕ ನಮ್ಮ ಜಾಯಿಂಟ್ ಪೆಟ್ಟಿಗೆ ನೀರಿನ ಎಳೆತಕ್ಕೆ ಅರ್ಧ ಕಿತ್ತು ಬಂದು ತೂಗಾಡುತ್ತಿತ್ತು. ಅದು ಹೋಗಿದ್ದರೆ ಹೊನ್ನಾಳಿಗೆ ಉಳಿದ ಒಂದು ಎಳೆಯೂ ಹೋದಂತೆ. ನಾನು ಬೇಡವೆನ್ನುವಷ್ಟರಲ್ಲಿ ಹನುಮಂತಣ್ಣ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ವ್ಯಾನಿಗೆ ಬಿಗಿದು, ಇಳಿದೇಬಿಟ್ಟರು. ಎದೆಮಟ್ಟದ ಕೆಂಪು ನೀರಿನಲ್ಲಿ ನಿಂತು ಪೆಟ್ಟಿಗೆಯನ್ನು ಮೇಲಕ್ಕೆತ್ತಿ, ಎಳೆ ಕಡಿಯದಂತೆ ಅಂಗೈಯಲ್ಲಿ ಹಿಡಿದು, ಮೋರಿಯ ಕಬ್ಬಿಣಕ್ಕೆ ಬಿಗಿಯಲು ಅರ್ಧ ಗಂಟೆ ಹಿಡಿಯಿತು. ಹತ್ತಿ ಬರುವಾಗ ಕಾಲು ಜಾರಿ ಹಣೆ ಕಲ್ಲಿಗೆ ಬಡಿಯಿತು. ರಕ್ತ ಬಂತು. “ಏನಿಲ್ಲ, ಚರ್ಮ ಹೋಗೈತೆ” ಎಂದು ಟವೆಲ್ ಕಟ್ಟಿಕೊಂಡರು. ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಮತ್ತೆ ಏಳಲಿಲ್ಲ.

“ಶೈಲಮ್ಮ,” ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಹೆಸರು ಹಿಡಿದು ಕರೆದಿರಲಿಲ್ಲ. “ಎದಿ ಮ್ಯಾಗೆ ಯಾರೋ ಕೂತಂಗೆ ಆಗ್ತೈತೆ.”

ವ್ಯಾನನ್ನು ನಾನೇ ಓಡಿಸಿದೆ. ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಎರಡನೇ ಗೇರಿನಲ್ಲೇ ಆಸ್ಪತ್ರೆಯವರೆಗೆ ಬಂದೆ. ಪಕ್ಕದಲ್ಲಿ ಅವರ ಉಸಿರು ಕೇಳುತ್ತಿತ್ತು. ನಡುವೆ ಒಮ್ಮೆ, “ಗೇರ್ ಹಾಕ್ರಿ ತಾಯಿ, ಗಾಡಿ ಅಳ್ತೈತೆ” ಎಂದರು. ಆ ಮಾತಿಗೆ ನಗಬೇಕೋ ಅಳಬೇಕೋ ಇವತ್ತಿಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿದ್ದವರು ಡಾಕ್ಟರ್ ರಿಜ್ವಾನಾ, ಕೆರೆಬಿಳಚಿಯವರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಕಾಗದ ನೋಡಿದ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ, ಧ್ವನಿ ಮಾತ್ರ ಚಿಕ್ಕದಾಯಿತು. ನನ್ನನ್ನು ಬಾಗಿಲಾಚೆ ಕರೆದು ಹೇಳಿದರು: “ಹಾರ್ಟ್ ಅಟ್ಯಾಕ್ ಐತೆ. ರಕ್ತದ ಹೆಪ್ಪು ಕರಗ್ಸೋ ಇಂಜೆಕ್ಷನ್ ನಮ್ಮತ್ರ ಐತೆ. ಆದ್ರೆ ಹಣೆಗೆ ಪೆಟ್ಟು ಬಿದ್ದೈತಲ್ರೀ. ಒಳಗೆ ಏನಾದ್ರೂ ಆಗಿದ್ರೆ ಈ ಇಂಜೆಕ್ಷನ್ನಿಗೆ ರಕ್ತ ನಿಲ್ಲಂಗಿಲ್ಲ, ತಲೆಯಾಗೆ ಇಳಿತೈತೆ. ಕೊಡದಿದ್ರೆ ಹೃದಯ ಹೋಗ್ತೈತೆ. ಇದು ನಾನೊಬ್ಳೇ ತೀರ್ಮಾನ ಮಾಡೋದಲ್ಲ. ದಾವಣಗೆರೆ ಹೃದಯದ ಡಾಕ್ಟ್ರು ಇಸಿಜಿ ನೋಡ್ಬೇಕು, ಗಾಯ ನೋಡ್ಬೇಕು.”

ಶಿವಮೊಗ್ಗದ ರಸ್ತೆಗೆ ಮರ ಬಿದ್ದಿತ್ತು. ಆಂಬುಲೆನ್ಸ್ ಆ ಮರದ ಆಚೆ ಸಿಕ್ಕಿಕೊಂಡಿತ್ತು. ಮೊಬೈಲ್ ಟವರಿನ ಬ್ಯಾಟರಿ ಬೆಳಿಗ್ಗೆಯೇ ಸತ್ತಿತ್ತು. ಉಳಿದದ್ದು ನಮ್ಮ ಜಾಲ ಒಂದೇ. ಡಾಕ್ಟರು ಪರದೆಯ ಮುಂದೆ ಕೂತು ದಾವಣಗೆರೆಗೆ ಕರೆ ಮಾಡಿದರು. ಆ ಕಡೆಯ ತಜ್ಞರ ಧ್ವನಿ ನಮಗೆ ಸ್ಪಷ್ಟವಾಗಿ ಬಂತು.

“ಹಲೋ ನ್ಯಾಮತಿ, ಹೇಳಿ.”

ಡಾಕ್ಟರ್ ಹೇಳಿದರು. ಆ ಕಡೆ ಮೌನ. “ಹಲೋ ನ್ಯಾಮತಿ? ನಿಮ್ಮ ಮಾತು ಕೇಳಿಸ್ತಿಲ್ಲ. ಇಸಿಜಿ ಅರ್ಧ ಬಂದು ನಿಂತಿದೆ. ಹಲೋ?”

ಅವರು ಮಾತಾಡುವುದು ನಮಗೆ ಕೇಳುತ್ತಿತ್ತು, ನಾವು ಮಾತಾಡುವುದು ಅವರಿಗೆ ಕೇಳುತ್ತಿರಲಿಲ್ಲ. ಬರುವ ದಾರಿ ಖಾಲಿ, ಹೋಗುವ ದಾರಿ ತುಂಬಿದೆ. ಅರ್ಥವಾಗಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಹೊನ್ನಾಳಿಯಲ್ಲಿ ಹೊಳೆ ನೋಡುವ ಕ್ಯಾಮೆರಾಗಳು, ಪ್ರವಾಹದ ವಿಡಿಯೋ ಸಭೆ, ಅಷ್ಟರ ಮೇಲೆ ಆ ಗಳಿಗೆಯಲ್ಲೂ ತನ್ನಷ್ಟಕ್ಕೆ ದಾವಣಗೆರೆಗೆ ಪ್ರತಿ ಕಳಿಸುತ್ತಿದ್ದ ದಾಖಲೆ ಕೋಣೆ. ಎಲ್ಲರ ನೆತ್ತಿಯ ಮೇಲೂ ಒಂದೇ ಅಂಕಿ, ನನ್ನ ಕೈಬರಹ. ಆ ಇಕ್ಕಟ್ಟಿನ ಕೊಂಡಿಯ ಬಾಯಲ್ಲಿ ಅವೆಲ್ಲ ಮೊದಲ ಸಾಲಿನಲ್ಲಿ ನೂಕಾಡುತ್ತಿದ್ದವು. ಹನುಮಂತಣ್ಣನ ಇಸಿಜಿ ಆ ಗುಂಪಿನ ಹಿಂದೆ ನಿಂತಿತ್ತು, ಬಾಗಿಲಲ್ಲಿ ನಿಂತ ಮುದುಕಿಯ ಹಾಗೆ.

ಒಂದು ಗಂಟೆಯ ಹಿಂದೆ ಅವರು ಎದೆಮಟ್ಟದ ನೀರಿನಲ್ಲಿ ನಿಂತು ಉಳಿಸಿದ ಎಳೆಯ ಮೇಲೆಯೇ ಆ ಗುಂಪು ಬರುತ್ತಿತ್ತು.

ಓಡಿದೆ. ಹಿಂಬದಿಯ ಆ ಚಿಕ್ಕ ಕೋಣೆಯಲ್ಲಿ ನಮ್ಮ ರೌಟರ್ ಇತ್ತು. ಲ್ಯಾಪ್‌ಟಾಪಿನಿಂದ ಅದಕ್ಕೆ ನೇರವಾಗಿ ವೈರು ಚುಚ್ಚಿದೆ. ಅವಸರಕ್ಕೆ ಪಾಸ್‌ವರ್ಡನ್ನು ಎರಡು ಸಲ ತಪ್ಪು ಹೊಡೆದೆ. ಮೂರನೆಯದೂ ತಪ್ಪಿದರೆ ಕಾಲು ಗಂಟೆ ಬೀಗ ಬೀಳುತ್ತದೆ, ಆ ನಿಯಮ ಹಾಕಿದವಳೂ ನಾನೇ. ಎರಡೂ ಕೈಯನ್ನು ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು ಹತ್ತು ಎಣಿಸಿದೆ. ಗೋಡೆಯಾಚೆಯಿಂದ ಕೇಳುತ್ತಿತ್ತು: “ಹಲೋ ನ್ಯಾಮತಿ, ಹಲೋ...” ಆ ಹತ್ತು ಎಣಿಕೆ ನೆನಪಿನಲ್ಲಿ ಈಗಲೂ ಮುಗಿದಿಲ್ಲ. ಕೆಲವು ದಿನ ಏಳಕ್ಕೆ ನಿಲ್ಲುತ್ತದೆ, ಕೆಲವು ದಿನ ಮೂರನೇ ಸಲವೂ ತಪ್ಪು ಹೊಡೆಯುತ್ತೇನೆ. ನಿಜದಲ್ಲಿ ಅವತ್ತು ಸರಿಯಾಗಿ ಹೊಡೆದೆ.

ಒಳಗೆ ಹೋದ ಮೇಲೆ ಇನ್ನೊಂದು ಭಯ. ಕ್ಯಾಮೆರಾಗಳನ್ನು ಕೆಳಗಿನ ಸಾಲಿಗೆ ತಳ್ಳಿದರೆ ಹೊಳೆ ನೋಡುವ ಕಣ್ಣು ಮುಚ್ಚಿದ ಹಾಗಲ್ಲವೇ? ದಂಡೆಯಲ್ಲಿ ಮನೆಗಳಿವೆ. ಯಾರನ್ನು ಕೇಳಲಿ? ಆ ದಿನ ಸಾಹೇಬರ ಫೋನ್ ನನಗೂ ಬರುವಂತಿರಲಿಲ್ಲ. ಆಗ ಪರದೆಯ ಮೇಲೆ ಒಂದು ಸಣ್ಣ ಗೆರೆ ಕಂಡಿತು. ಹೊಳೆಯ ಮಟ್ಟ ಅಳೆಯುವ ಯಂತ್ರ. ಅದಕ್ಕೆ ಯಾರೂ ಅರ್ಜಿ ಹಾಕಿರಲಿಲ್ಲ, ಮಂಡಕ್ಕಿ ಕೊಡಿಸಿರಲಿಲ್ಲ. ಕೆಲವು ನಿಮಿಷಕ್ಕೊಮ್ಮೆ ಒಂದೇ ಒಂದು ಅಂಕಿ ಕಳಿಸುವ ಬಡಪಾಯಿ ಯಂತ್ರ, ಕೊನೆಯ ಸಾಲಿನಲ್ಲಿ ನಿಂತು ಯಾವಾಗಲೋ ಒಮ್ಮೆ ಮುಟ್ಟುತ್ತಿತ್ತು. ದಂಡೆಯ ಜನರನ್ನು ಉಳಿಸುವುದು ಕೆಂಪು ನೀರಿನ ಚಿತ್ರವಲ್ಲ, ಆ ಅಂಕಿ. ಅದಕ್ಕೆ ಬೇಕಾದ ಜಾಗ ಉಗುರಿನಷ್ಟು.

ನಾಲ್ಕು ಸಾಲು ಮಾಡಿದೆ. ಆಸ್ಪತ್ರೆಯ ಮಾತು, ಇಸಿಜಿ, ಹೊಳೆಯ ಅಂಕಿ ಮೊದಲನೆಯದರಲ್ಲಿ. ಸಭೆಯ ಮಾತು ಎರಡರಲ್ಲಿ. ಕಚೇರಿಗಳ ಕೆಲಸ, ಸಭೆಯ ಚಿತ್ರ ಮೂರರಲ್ಲಿ. ಕ್ಯಾಮೆರಾ, ದಾಖಲೆಯ ಪ್ರತಿ ಕೊನೆಯಲ್ಲಿ. ಬಂದವರು ಏನೇ ಬರೆದುಕೊಂಡು ಬಂದಿರಲಿ, ಬಾಗಿಲಲ್ಲೇ ಅಳಿಸಿ ನನ್ನ ಅಂಕಿ ಬರೆ ಎಂದು ರೌಟರಿಗೆ ಹೇಳಿದೆ. ಎಂಟರ್ ಒತ್ತಿದೆ.

ಗೋಡೆಯಾಚೆ ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅದೇ ಧ್ವನಿ, ಬೇರೆ ಮಾತು: “ಹಾಂ ನ್ಯಾಮತಿ, ಈಗ ಕೇಳಿಸ್ತಿದೆ. ಇಸಿಜಿ ಪೂರ್ತಿ ಬಂತು.”

ನಾನು ನೆಲದ ಮೇಲೆ ಕೂತೇ ಕೇಳಿಸಿಕೊಂಡೆ. ತಜ್ಞರು ಗಾಯ ತೋರಿಸಿ ಎಂದರು. ಎಚ್ಚರ ತಪ್ಪಿತ್ತೇ ಎಂದು ಕೇಳಿದರು. ಡಾಕ್ಟರ್ ರಿಜ್ವಾನಾ ನನ್ನನ್ನು ಕೂಗಿ ಕರೆದರು: “ನೀವು ಜೊತೆಗಿದ್ರಲ್ಲ, ಹೇಳ್ರಿ, ಬಿದ್ದಾಗ ಜ್ಞಾನ ಇತ್ತಾ?” ಇತ್ತು ಎಂದೆ. ವಾಂತಿ? ಇಲ್ಲ. ಮಾತು ತೊದಲಿತೇ? ಇಲ್ಲ, ಗೇರ್ ಹಾಕ್ರಿ ಎಂದು ನನಗೇ ಸ್ಪಷ್ಟವಾಗಿ ಹೇಳಿದರು. ತಜ್ಞರು “ಚರ್ಮದ ಗಾಯ ಮಾತ್ರ ಅನಿಸುತ್ತೆ. ಅಪಾಯ ಇದೆ, ಆದರೆ ಕಾಯುವುದು ಅದಕ್ಕಿಂತ ಅಪಾಯ. ಕೊಡಿ. ನಾನು ಇಲ್ಲೇ ನೋಡ್ತಾ ಇರ್ತೀನಿ, ಕರೆ ಕಡಿಯಬೇಡಿ” ಎಂದರು. ಕರೆ ಎರಡು ಗಂಟೆಗೂ ಮಿಕ್ಕಿ ನಡೆಯಿತು. ಒಮ್ಮೆಯೂ ಕಡಿಯಲಿಲ್ಲ. ಅಷ್ಟೂ ಹೊತ್ತು ನಾನು ಹನುಮಂತಣ್ಣನ ಹಣೆಗೆ ಡಾಕ್ಟರು ಕಟ್ಟಿದ್ದ ಬಿಳಿ ಪಟ್ಟಿಯನ್ನೇ ನೋಡುತ್ತಾ ಕೂತಿದ್ದೆ, ಎಲ್ಲಿ ಕೆಂಪಾಗುತ್ತದೋ ಎಂದು. ಮಧ್ಯಾಹ್ನ ಮರ ಕಡಿದು ದಾರಿ ಮಾಡಿದ ಮೇಲೆ ಆಂಬುಲೆನ್ಸ್ ಬಂತು. ಸ್ಟ್ರೆಚರಿನಲ್ಲಿ ಹೋಗುವಾಗ ಹನುಮಂತಣ್ಣ ನನ್ನ ಕಡೆ ತಿರುಗಿ, “ಹಗ್ಗ ವ್ಯಾನಿಗೇ ಕಟ್ಟೈತೆ, ಬಿಚ್ಚಿ ಇಡ್ರಿ, ಆಫೀಸ್‌ದು” ಎಂದರು.

ಅವರು ಉಳಿದರು. ಹೊಳೆಯ ಅಂಕಿಯೂ ತಪ್ಪದೆ ಮುಟ್ಟಿ, ದಂಡೆಯವರು ನೀರು ನುಗ್ಗುವ ಮುಂಚೆಯೇ ಮೇಲಕ್ಕೆ ಬಂದಿದ್ದರು. ಎಲ್ಲ ಸರಿಹೋಯಿತಲ್ಲ ಎಂದು ನನ್ನ ಸಂಸ್ಥೆಯ ಮೇಲಿನವರು ವರದಿ ಸಿದ್ಧಮಾಡಿದರು. ‘ಅತಿವೃಷ್ಟಿಯ ಕಾರಣ ಉಂಟಾದ ತಾಂತ್ರಿಕ ಅಡಚಣೆಯನ್ನು ಸಕಾಲದಲ್ಲಿ ನಿವಾರಿಸಲಾಯಿತು.’ ಕೆಳಗೆ ನನ್ನ ಸಹಿಗೆ ಜಾಗ. ನಾನು ಸಹಿ ಹಾಕಲಿಲ್ಲ. ಮಳೆ ಕಡಿದದ್ದು ಕೇಬಲ್ಲನ್ನು. ಮಾತನ್ನು ತಡೆದದ್ದು ನಾನು ಬರೆದ ಅಂಕಿಗಳು. ಹಾಗೆಂದೇ ಬರೆದುಕೊಟ್ಟೆ. ನೋಟೀಸು ಬಂತು. ಅದರ ತಲೆಯ ಮೇಲೂ ಕೆಂಪು ಶಾಯಿಯಲ್ಲಿ ಅತಿ ಜರೂರು ಎಂದಿತ್ತು. ಉತ್ತರದ ಜೊತೆ ಒಂದು ಹಾಳೆಯನ್ನೂ ಲಗತ್ತಿಸಿದೆ, ನಾಲ್ಕು ಸಾಲಿನ ಹಾಳೆ. ಈ ಹಾಳೆಯನ್ನು ನಾಲ್ಕೂ ತಾಲ್ಲೂಕಿನಲ್ಲಿ ಜಾರಿಗೆ ತರಲು ಬಿಡಿ, ಆಮೇಲೆ ಬೇಕಾದರೆ ನನ್ನನ್ನು ಕೆಲಸದಿಂದ ತೆಗೆದುಹಾಕಿ ಎಂದು ಕೇಳಿಕೊಂಡೆ.

ಬಿಟ್ಟರು. ಆಗಸ್ಟಿನಿಂದ ದೀಪಾವಳಿಯವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಬಸ್ಸಿನಲ್ಲಿ ಸುತ್ತಿದೆ. ಪ್ರತಿ ಕಚೇರಿಯಲ್ಲೂ ಹಾಳೆಯನ್ನು ಮೇಜಿನ ಮೇಲಿಟ್ಟು, ನಿಮ್ಮದು ಇಷ್ಟನೇ ಸಾಲು, ಕಾರಣ ಇದು, ಇಲ್ಲಿ ಸಹಿ ಹಾಕಿ ಎನ್ನುವುದು. ಮಂಡಕ್ಕಿ ಕೊಡಿಸಿದ್ದ ಅಧೀಕ್ಷಕರ ಮುಂದೆಯೂ ಹಾಳೆಯಿಟ್ಟೆ.

“ನಮ್ಮನ್ನ ಕಡೇ ಸಾಲಿಗೆ ಹಾಕೀಯೇನಮ್ಮ?” ಎಂದರು ಕನ್ನಡಕ ತೆಗೆದು. “ನಾನೇನು ನಿನಗೆ ಅನ್ಯಾಯ ಮಾಡೀನಿ?”

“ನಿಮ್ಮನ್ನಲ್ಲ ಸಾರ್, ಚಿತ್ರಾನ. ಅದು ಎರಡು ಸೆಕೆಂಡ್ ತಡವಾಗಿ ಬಂದ್ರೆ ಯಾರೂ ಸಾಯಲ್ಲ.”

“ಸಾಹೇಬ್ರು ನನ್ನ ಸಾಯಿಸ್ತಾರೆ!”

“ಅವರ ಸಹಿನೂ ತಂದೀನಿ ಸಾರ್. ನೋಡ್ರಿ.”

ಅವರು ಹಾಳೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. “ನಿಮ್ಮ ಆಫೀಸ್‌ದು ಎಷ್ಟ್ನೇ ಸಾಲು?”

“ಮೂರನೇದು. ನಮ್ಮ ಫೋನ್ ಮಾತೂ ಅಲ್ಲೇ.”

“ನಿನ್ದೇ ಜಾಲ, ನಿನಗೇ ಮೂರ್ನೇ ಸಾಲಾ?” ಅವರು ನಕ್ಕುಬಿಟ್ಟರು. ಆಮೇಲೆ ಸಹಿ ಹಾಕಿದರು. ಆ ಸಲವೂ ಚಹಾ ತರಿಸಿದರು. ಕುಡಿದೆ. ಚಹಾಕ್ಕೂ ಸಾಲಿಗೂ ಸಂಬಂಧವಿಲ್ಲ ಎಂಬುದನ್ನು ಕಲಿಯಲು ನನಗೆ ಒಬ್ಬರ ಹೃದಯ ಬೇಕಾಯಿತು.

ಎಲ್ಲರೂ ನಗಲಿಲ್ಲ. ಬೈದವರಿದ್ದಾರೆ, ಇವಳಿಗೆ ಸೊಕ್ಕು ಬಂದಿದೆ ಎಂದು ಮೇಲಕ್ಕೆ ಬರೆದವರಿದ್ದಾರೆ. ಆಗೆಲ್ಲ ಕೈಯನ್ನು ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು ಹತ್ತು ಎಣಿಸಿ ಮತ್ತೆ ಹೇಳಿದ್ದನ್ನೇ ಹೇಳಿದೆ. ಮೊದಲ ಸಾಲಿಗೆ ಮಿತಿಯನ್ನೂ ಮರಳಿ ಹಾಕಿದೆ. ಆಸ್ಪತ್ರೆಯವರೇ ಆದರೂ ಮಾತು, ಇಸಿಜಿ ಬಿಟ್ಟು ಬೇರೇನನ್ನೂ ಆ ಸಾಲಿಗೆ ತೂರಿಸುವಂತಿಲ್ಲ. ಡಾಕ್ಟರ್ ರಿಜ್ವಾನಾ ತಮ್ಮ ತರಬೇತಿಯ ವಿಡಿಯೋಗೆ ಒಮ್ಮೆ ಕೇಳಿದರು. ಇಲ್ಲ ಡಾಕ್ಟ್ರೇ ಎಂದೆ.

ಹನುಮಂತಣ್ಣನ ಹೃದಯದ ಒಂದು ಭಾಗ ಸೋತಿತ್ತು. ಹಳ್ಳಕ್ಕೆ ಇಳಿಯುವುದು, ಕಂಬ ಹತ್ತುವುದು ಇನ್ನಿಲ್ಲ ಎಂದರು. ಈಗ ಜಗಳೂರಿನಲ್ಲಿ ದೂರು ತೆಗೆದುಕೊಳ್ಳುವ ಮೇಜಿಗೆ ಕೂತಿದ್ದಾರೆ. ಸಾಲು ಬದಲಿಸಿ ಎಂದು ಬಂದವರಿಗೆಲ್ಲ ಮದುವೆಯ ಊಟದ ಕಥೆ ಹೇಳಿ ಕಳಿಸುತ್ತಾರಂತೆ. ಅವರಿಗೆ ನನ್ನ ತಪ್ಪನ್ನು ಆಸ್ಪತ್ರೆಯಲ್ಲೇ ಹೇಳಿದ್ದೆ. “ಗೊತ್ತಿತ್ತು” ಎಂದರು. “ನೀವು ಒಳಗೆ ಓಡಿದ್ರಲ್ಲ, ಆವಾಗ್ಲೇ ಗೊತ್ತಾತು, ಪಂಕ್ತಿ ಎಬ್ಸಾಕೆ ಹೋದ್ಲು ಅಂತ.”

ಹೋದ ವಾರ ಆ ಕೋಣೆಯ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತವಳು ಕೊನೆಗೆ ಒಳಗೆ ಹೋದೆ. ಹಳೆಯ ಬ್ಯಾಟರಿ ತೆಗೆದು ಹೊಸದು ಕೂರಿಸಿದೆ. ಹೊರಗೆ ಮಳೆ ಜೋರಾಗಿತ್ತು. ಹೊನ್ನಾಳಿಯ ಸೇತುವೆಯ ಬಳಿ ರಸ್ತೆ ಕೆಲಸಕ್ಕೆಂದು ಫೈಬರ್ ತೆಗೆದಿದ್ದಾರೆ. ಈ ತಿಂಗಳು ಮತ್ತೆ ಎಲ್ಲವೂ ಆ ಇಕ್ಕಟ್ಟಿನ ಕೊಂಡಿಯ ಮೇಲೆಯೇ. ಕೆಲಸ ಮುಗಿಯಿತೆಂದು ಹೇಳಲು ಗೋಡೆಯ ಆಫೀಸ್ ಫೋನಿನಿಂದ ಜಗಳೂರಿಗೆ ಕರೆ ಮಾಡಿದೆ.

“ಹನುಮಂತಣ್ಣ, ನ್ಯಾಮತಿಯಿಂದ. ಬ್ಯಾಟರಿ ಹಾಕಿ ಆಯ್ತು.”

“ಹಲೋ? ಹಲೋ ನ್ಯಾಮತಿ? ಕೇಳಿಸ್ತಿಲ್ರೀ.”

ಕೈ ತಾನಾಗಿಯೇ ಲ್ಯಾಪ್‌ಟಾಪಿನ ಕಡೆ ಹೋಯಿತು. ಪರದೆಯ ಮೇಲೆ ನಾಲ್ಕು ಸಾಲುಗಳಿದ್ದವು. ಮೂರನೆಯದು ನಿಂತಿತ್ತು, ನನ್ನ ಮಾತು ಅದರಲ್ಲಿ ಎಲ್ಲೋ ಕಾಯುತ್ತಿತ್ತು. ಮೊದಲನೆಯ ಸಾಲಿನಲ್ಲಿ ಏನೋ ಹೋಗುತ್ತಿತ್ತು. ಹೊನ್ನಾಳಿ ಕಡೆಯಿಂದ, ಯಾರದೋ ಇಸಿಜಿ. ನಾನು ಒಂದು ಆದೇಶ ಟೈಪ್ ಮಾಡಿದ್ದರೆ ನನ್ನ ಮಾತು ಅದರ ಪಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿದೆ. ಫೋನನ್ನು ಕಿವಿಗೆ ಹಿಡಿದು, ಹತ್ತು ಎಣಿಸುತ್ತಾ ನಿಂತೆ.

ಎಂಟಕ್ಕೆ ದಾರಿ ಬಿಟ್ಟಿತು.

“ಹಾಂ, ಈಗ ಬಂತು ನೋಡ್ರಿ” ಎಂದರು ಹನುಮಂತಣ್ಣ. “ಯಾರ್ದೋ ಮುಂದೆ ಹೋತು ಕಾಣ್ತೈತೆ.”

“ಹೂಂ ಅಣ್ಣ, ಹೊನ್ನಾಳಿದು.”

“ಹೋಗ್ಲಿ ಬಿಡ್ರಿ. ನಮ್ದೇನು, ಬ್ಯಾಟರಿ ಸುದ್ದಿ.”